ಹೆಣಿಕೆ, ಕ್ರೋಶಾ ಪುಸ್ತಕಗಳ ಹಳೆಯ ಸಂಗ್ರಹವನ್ನು ವಿಂಗಡಿಸುವ ಬಗೆ

ಹುಬ್ಬಳ್ಳಿ, ಧಾರವಾಡ, ಗದಗಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಟ್ರಂಕು ಇರುವುದು ಸಾಮಾನ್ಯ. ಉಳಿದ ಉಣ್ಣೆಯ ಉಂಡೆಗಳನ್ನು ಮೇಲಿನಿಂದ ಎತ್ತಿದರೆ ತಳದಲ್ಲಿ ಸ್ವೆಟರ್, ಕುಲಾವಿ, ಕಾಲುಚೀಲ, ಬಾಗಿಲ ತೋರಣ, ಟಿಪಾಯಿಯ ಹೊದಿಕೆಗಳ ಮಾದರಿಗಳಿರುವ ಪುಸ್ತಕಗಳು, ವಾರಪತ್ರಿಕೆಗಳಿಂದ ಕತ್ತರಿಸಿ ಇಟ್ಟ ಹಾಳೆಗಳು, ಉಣ್ಣೆ ಮಾರುವ ಕಂಪನಿಗಳು ಹೊರತಂದ ನಾಲ್ಕು ಪುಟದ ಪತ್ರಕಗಳು, ಇನ್ನೊಬ್ಬರಿಂದ ಕೇಳಿ ಬರೆದುಕೊಂಡ ನೋಟುಬುಕ್ಕುಗಳು ಸಿಗುತ್ತವೆ. ಹೆಣೆಯುತ್ತಿದ್ದವರು ಇಲ್ಲವಾದ ಮೇಲೆ ಅಥವಾ ಅವರ ಕಣ್ಣು ಮಂಜಾದ ಮೇಲೆ ಈ ಸಂಗ್ರಹ ಮನೆಯ ಯಾರಾದರೊಬ್ಬರ ಪಾಲಿಗೆ ಬರುತ್ತದೆ. ನನ್ನ ಪಾಲಿಗೆ ಬಂದದ್ದು ನಮ್ಮ ಚಿಗವ್ವನ ಟ್ರಂಕು. ಅದನ್ನು ವಿಂಗಡಿಸುವಾಗ ಕೆಲವು ತಪ್ಪುಗಳನ್ನು ಮಾಡಿ, ಕೆಲವನ್ನು ತಿದ್ದಿಕೊಂಡು, ಕೊನೆಗೆ ಒಂದು ಕ್ರಮಕ್ಕೆ ಬಂದೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಾದರಿ ಪುಸ್ತಕವನ್ನು ಕಾದಂಬರಿಯನ್ನು ನೋಡುವ ಹಾಗೆ ನೋಡಲಾಗದು. ಅದನ್ನು ಎದುರಿಗೆ ಇಟ್ಟುಕೊಂಡು ಒಬ್ಬರು ಮೊದಲ ಕುಣಿಕೆಯಿಂದ ಕೊನೆಯ ಕುಣಿಕೆಯವರೆಗೆ ಹೆಣೆದು ಮುಗಿಸಬಹುದೇ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮುಖಪುಟ ಹರಿದಿದ್ದರೂ ಲೆಕ್ಕ ಪೂರ್ತಿಯಾಗಿದ್ದರೆ ಅದು ಉಪಯೋಗದ ಪುಸ್ತಕ. ಹೊಳೆಯುವ ಬಣ್ಣದ ಚಿತ್ರವಿದ್ದು ತೋಳಿನ ಲೆಕ್ಕದ ಪುಟವೇ ಇಲ್ಲದಿದ್ದರೆ ಅದು ಬರೀ ಚಿತ್ರ. ಇದರ ಜೊತೆಗೆ ಇನ್ನೊಂದು ಬೆಲೆಯೂ ಇದೆ. ಹೆಣೆದವರು ಪುಟದ ಅಂಚಿನಲ್ಲಿ ಬರೆದಿಟ್ಟ ತಿದ್ದುಪಡಿಗಳು ಎರಡನೆಯ ಪ್ರತಿಯಲ್ಲಿ ಸಿಗುವುದಿಲ್ಲ. ಈ ಎರಡನ್ನೂ ನೋಡದೆ ಯಾವ ಪುಸ್ತಕವನ್ನೂ ಕೈಬಿಡಬೇಡಿ.

ಕಾಲ ಮತ್ತು ಜಾಗ

ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಹಾಸಿಗೆ ಬಟ್ಟೆಯೇ ತಣ್ಣಗೆ ಒದ್ದೆಯಾದಂತೆ ಇರುತ್ತದೆ, ಇನ್ನು ಕಾಗದದ ಮಾತೇನು. ಆ ತಿಂಗಳುಗಳಲ್ಲಿ ಟ್ರಂಕನ್ನು ಬಿಚ್ಚಿ ಹರಡಿದರೆ ಹಾಳೆಗಳು ತೇವ ಹೀರಿಕೊಂಡು ಅಲೆಯಲೆಯಾಗುತ್ತವೆ, ನುಣುಪು ಕಾಗದದ ಪತ್ರಿಕೆಗಳ ಪುಟಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ದೀಪಾವಳಿ ಮುಗಿದ ಮೇಲಿನಿಂದ ಶಿವರಾತ್ರಿಯವರೆಗಿನ ಒಣ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಗದಗಿನ ಕಡೆಯ ಹವೆ ಇನ್ನೂ ಒಣದು, ಅಲ್ಲಿಯವರು ಕೊಂಚ ಮೊದಲೇ ತೊಡಗಬಹುದು.

ಜಾಗ ಪಡಸಾಲೆಯಲ್ಲಿ ಇರಲಿ, ಆದರೆ ಮೇಲೆ ಫ್ಯಾನು ತಿರುಗುತ್ತಿರಬಾರದು. ಒಂದು ಗಾಳಿಗೆ ಕತ್ತರಿಸಿದ ತುಣುಕುಗಳೆಲ್ಲ ಕಲಸಿಹೋಗುತ್ತವೆ. ಒಗೆದ ಹಳೆಯ ಚಾದರವನ್ನು ಹಾಸಿ ಅದರ ಮೇಲೆ ಹರಡಿರಿ. ಮೂಗಿಗೆ ಮಾಸ್ಕು, ಧೂಳು ಝಾಡಿಸಲು ಮೆತ್ತನೆಯ ಕುಂಚ, ಪೆನ್ಸಿಲು, ಒಂದೇ ಅಳತೆಗೆ ಕತ್ತರಿಸಿದ ಬಿಳಿ ಚೀಟಿಗಳು, ಅಳತೆ ಟೇಪು, ಹೆಣೆಯುವ ಕಡ್ಡಿಗಳ ದಪ್ಪ ಅಳೆಯುವ ತೂತಿನ ಪಟ್ಟಿ, ಇಷ್ಟು ಸಾಕು. ಬಾಲ್ ಪೆನ್ನನ್ನು ಹತ್ತಿರವೂ ಇಟ್ಟುಕೊಳ್ಳಬೇಡಿ. ಅದರ ಶಾಯಿ ಹಳೆಯ ಕಾಗದದಲ್ಲಿ ಹಿಂಬದಿಗೆ ಇಳಿಯುತ್ತದೆ, ತಪ್ಪು ಬರೆದರೆ ಅಳಿಸಲು ಬರುವುದಿಲ್ಲ.

ಮೊದಲು ಹುಳುವಿನ ತಪಾಸಣೆ

ಓದಲು ಕೂರುವ ಮೊದಲು ಪ್ರತಿಯೊಂದನ್ನೂ ಬೆನ್ನಿನ ಕಡೆಯಿಂದ ನೋಡಿ. ಕಾಗದದ ಮೇಲ್ಮೈಯನ್ನು ಕೆರೆದು ತಿಂದಂತೆ ಕಂಡರೆ ಅದು ಬೆಳ್ಳಿ ಬಣ್ಣದ ಪುಸ್ತಕದ ಹುಳುವಿನ ಕೆಲಸ. ರಟ್ಟಿನ ಅಂಟನ್ನು ತಿನ್ನಲು ಅದು ಬರುತ್ತದೆ. ಪುಟಗಳ ಆಚೆಯಿಂದ ಈಚೆಗೆ ದುಂಡನೆಯ ಸಣ್ಣ ತೂತುಗಳಿದ್ದರೆ ಅದು ಕೊರೆಯುವ ಹುಳು. ಮಣ್ಣಿನ ಗೆರೆಗಳಿದ್ದರೆ ಗೆದ್ದಲು, ಅಂದರೆ ಒರಲೆ. ಆಗ ಪುಸ್ತಕಕ್ಕಿಂತ ಮೊದಲು ಟ್ರಂಕು ಇಟ್ಟಿದ್ದ ಗೋಡೆಯನ್ನು ಪರೀಕ್ಷಿಸಬೇಕು. ಇಂಥವುಗಳನ್ನೆಲ್ಲ ಉಳಿದವುಗಳಿಂದ ಬೇರ್ಪಡಿಸಿ, ಪಾಲಿಥಿನ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಬೇರೆ ಕೋಣೆಯಲ್ಲಿ ಇಡಿ.

ಹುಳು ಜೀವಂತ ಇದೆ ಎಂಬ ಅನುಮಾನವಿದ್ದರೆ ಮದ್ದು ಸಿಂಪಡಿಸುವುದಕ್ಕಿಂತ ಥಂಡಿಯೇ ಒಳ್ಳೆಯದು. ಒಣಗಿರುವ ಪುಸ್ತಕವನ್ನು ಚೀಲದಲ್ಲಿ ಇಟ್ಟು, ಗಾಳಿಯನ್ನು ಒತ್ತಿ ಹೊರಹಾಕಿ, ಬಿಗಿಯಾಗಿ ಮುಚ್ಚಿ, −18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಅದರ ತತ್ತಿಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ಹೊರಗಿನ ಹವೆಯ ನೀರು ತಣ್ಣಗಿನ ಕಾಗದದ ಮೇಲೆ ಹನಿಗಟ್ಟುತ್ತದೆ. ಬೂಷ್ಟಿಗೆ ಈ ಉಪಾಯ ನಡೆಯುವುದಿಲ್ಲ. ಬೂಷ್ಟು ಹಿಡಿದ ಪುಸ್ತಕವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಪುಟ ಬಿಡಿಸಿ ನಿಲ್ಲಿಸಿ ಪೂರ್ತಿ ಒಣಗಿಸಿ, ಆಮೇಲೆ ಮಾಸ್ಕು ಕಟ್ಟಿಕೊಂಡು ಅಂಗಳದಲ್ಲಿ ಕುಂಚದಿಂದ ಝಾಡಿಸಬೇಕು. ಒದ್ದೆಯಿದ್ದಾಗ ಒರೆಸಿದರೆ ಕಲೆ ಕಾಗದದ ಒಳಗೆ ಇಳಿಯುತ್ತದೆ. ಮನೆಯ ಹಿರಿಯರು ಕಾಳು-ಕಡಿ ಒಣಗಿಸಿದಂತೆ ಪುಸ್ತಕಗಳನ್ನೂ ಬಿಸಿಲಿಗೆ ಹಾಕಬೇಕು ಎನ್ನುತ್ತಾರೆ, ಆದರೆ ನೇರ ಬಿಸಿಲು ಬಣ್ಣದ ಚಿತ್ರಗಳನ್ನು ಮಾಸಿಸಿ ಕಾಗದವನ್ನು ಹಪ್ಪಳದಂತೆ ಮಾಡುತ್ತದೆ.

ಮೊದಲ ಸುತ್ತು: ಓದದೆ ಬೇರೆ ಮಾಡುವುದು

ಮೊದಲ ಸುತ್ತಿನಲ್ಲಿ ಓದಲೇಬಾರದು. ಓದಲು ತೊಡಗಿದರೆ ಸಂಜೆಯ ಹೊತ್ತಿಗೆ ಮೂರು ಪುಸ್ತಕ ಮುಗಿದಿರುತ್ತವೆ, ಟ್ರಂಕು ತುಂಬಿಯೇ ಇರುತ್ತದೆ. ರೂಪ ನೋಡಿ ರಾಶಿ ಮಾಡಿ: ಬೈಂಡಿನ ಪುಸ್ತಕಗಳು ಒಂದು ಕಡೆ, ಇಡಿಯಾದ ಪತ್ರಿಕೆಗಳು ಒಂದು ಕಡೆ, ಕಂಪನಿಯ ಪತ್ರಕಗಳು ಒಂದು ಕಡೆ, ಕತ್ತರಿಸಿದ ಹಾಳೆಗಳು ಒಂದು ಕಡೆ, ಕೈಬರಹದ ನೋಟುಬುಕ್ಕುಗಳು ಎಲ್ಲಕ್ಕಿಂತ ಸುರಕ್ಷಿತವಾದ ಕಡೆ. ಪುಟಗಳ ನಡುವೆ ಹೆಣೆದ ತುಂಡೊಂದು, ಕ್ರೋಶಾದ ಅಂಚಿನ ನಾಲ್ಕು ಬೆರಳು ಮಾದರಿ, ಉಣ್ಣೆಯ ಎಳೆ ಸುತ್ತಿದ ರಟ್ಟು ಸಿಕ್ಕರೆ ಅದನ್ನು ಸುಮ್ಮನೆ ತೆಗೆದು ಬೇರೆ ಡಬ್ಬಿಗೆ ಹಾಕಬೇಡಿ. ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿತ್ತು ಎಂದು ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಿ. ಆ ತುಂಡು ಆ ಪುಟದ ಮಾದರಿಯನ್ನು ನಿಮ್ಮ ಮನೆಯವರು ಯಾವ ಕಡ್ಡಿಯಿಂದ, ಎಷ್ಟು ಬಿಗಿಯಾಗಿ ಹೆಣೆದಿದ್ದರು ಎಂಬುದರ ಸಾಕ್ಷಿ. ಬೇರೆ ಮಾಡಿದ ಕೂಡಲೇ ಅದೊಂದು ಚಿಂದಿಯಾಗುತ್ತದೆ.

ಇದೇ ಸುತ್ತಿನಲ್ಲಿ ಕಸೂತಿಯ ಹಾಳೆಗಳನ್ನೂ ಗುರುತಿಸಬೇಕು, ಏಕೆಂದರೆ ನಮ್ಮ ಭಾಗದ ಟ್ರಂಕುಗಳಲ್ಲಿ ಅವು ಕ್ರೋಶಾ ಹಾಳೆಗಳ ಜೊತೆ ಕಲಸಿಯೇ ಇರುತ್ತವೆ. ಎರಡೂ ಚೌಕುಳಿ ಕಾಗದದ ಮೇಲೆಯೇ ಬರೆದಿರುವುದರಿಂದ ಮೇಲುನೋಟಕ್ಕೆ ಒಂದೇ ಎನಿಸುತ್ತವೆ. ಚೌಕದ ಗೆರೆಗಳ ಮೇಲೆಯೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಳೆದಿದ್ದರೆ ಅದು ಗವಂತಿ ಅಥವಾ ಮುರಗಿ ಎಂಬ ಕಸೂತಿ ಹೊಲಿಗೆ. ಚೌಕಗಳನ್ನೇ ತುಂಬಿ, ತುಂಬದೆ ಬಿಟ್ಟು ನವಿಲನ್ನೋ ಹೂವನ್ನೋ ಮೂಡಿಸಿದ್ದರೆ ಅದು ಕ್ರೋಶಾದ ಜಾಲರಿ ಕೆಲಸ ಆಗಿರಬಹುದು: ತುಂಬಿದ ಚೌಕವೆಂದರೆ ಒತ್ತಾದ ಕಂಬಗಳು (ಎತ್ತರದ ಕುಣಿಕೆಗಳು), ಖಾಲಿ ಚೌಕವೆಂದರೆ ಸರಪಳಿ (ಒಂದರೊಳಗೊಂದು ಎಳೆದ ಕುಣಿಕೆಗಳ ಸಾಲು) ಹಾಕಿ ಬಿಟ್ಟ ಕಿಂಡಿ. ಚೌಕದೊಳಗೆ ಗುಣಿಸುವ ಚಿಹ್ನೆ ಹಾಕಿದ್ದರೆ ಮಾತ್ರ ಗೊಂದಲವಾಗುತ್ತದೆ, ಏಕೆಂದರೆ ಕಸೂತಿಯ ಮೆಂತೆ ಹೊಲಿಗೆಗೂ ಕೆಲವರು ಹಾಗೆಯೇ ಬರೆಯುತ್ತಾರೆ, ಜಾಲರಿಗೂ ಹಾಗೆಯೇ ಬರೆಯುತ್ತಾರೆ. ಆಗ ಅಂಚನ್ನು ನೋಡಿ. ಸಾಲುಗಳಿಗೆ ಅಂಕಿ ಹಾಕಿ, ಕೆಳಗೆ ಇಷ್ಟು ಸರಪಳಿಯಿಂದ ಆರಂಭ ಎಂದು ಬರೆದಿದ್ದರೆ ಅದು ಕ್ರೋಶಾದ್ದೇ.

ಎರಡನೆಯ ಸುತ್ತು: ಪೂರ್ತಿ ಇದೆಯೇ?

ಈಗ ಕುಳಿತು ಓದಬೇಕು. ಸ್ವೆಟರಿನ ಮಾದರಿಯಾದರೆ ಹಿಂಬದಿ, ಮುಂಬದಿ, ತೋಳು, ಕುತ್ತಿಗೆಯ ಪಟ್ಟಿ, ಜೋಡಿಸುವ ರೀತಿ ಇವಿಷ್ಟೂ ಇವೆಯೇ ಎಂದು ಬೆರಳಿಟ್ಟು ನೋಡಿ. ಅಳತೆಗಳು, ಉಣ್ಣೆಯ ತೂಕ, ಕಡ್ಡಿಯ ನಂಬರು, ಹತ್ತು ಸೆಂಟಿಮೀಟರಿಗೆ ಅಥವಾ ನಾಲ್ಕು ಇಂಚಿಗೆ ಎಷ್ಟು ಕುಣಿಕೆ ಎಂಬ ಲೆಕ್ಕ ಮೊದಲ ಪುಟದಲ್ಲಿರುತ್ತವೆ. ಸಂಕ್ಷಿಪ್ತ ಅಕ್ಷರಗಳ ಅರ್ಥ ಮಾತ್ರ ಅನೇಕ ಪತ್ರಿಕೆಗಳಲ್ಲಿ ಬೇರೆ ಪುಟದಲ್ಲಿ, ಎಲ್ಲ ಮಾದರಿಗಳಿಗೂ ಸೇರಿ ಒಂದೇ ಕಡೆ ಇರುತ್ತದೆ. ಆ ಒಂದು ಪುಟ ಹೋಗಿದ್ದರೆ ಇಡೀ ಸಂಚಿಕೆ ಬೀಗ ಹಾಕಿದ ಮನೆಯಂತೆ. ಬಣ್ಣದ ನಕ್ಷೆಯ ದೊಡ್ಡ ಹಾಳೆಯನ್ನು ಪತ್ರಿಕೆಯ ನಡುವೆ ಮಡಚಿ ಇಟ್ಟಿರುತ್ತಾರೆ, ಅದು ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕತ್ತರಿಸಿದ ಹಾಳೆಗಳಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ಹಳೆಯ ವಾರಪತ್ರಿಕೆಯಲ್ಲಿ ಗುಂಡಿಯ ಸ್ವೆಟರಿನ ಸುಂದರ ಮಾದರಿ ಸಿಕ್ಕಿತು. ಅದರ ಎರಡು ಪುಟಗಳನ್ನು ಕತ್ತರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕಿದೆ. ಹಿಂಬದಿ, ಎರಡೂ ಮುಂಬದಿಗಳನ್ನು ಹೆಣೆದು ಮುಗಿಸಿ ತೋಳಿಗೆ ಬಂದಾಗ ಪುಟದ ತುದಿಯಲ್ಲಿ, ಉಳಿದ ಭಾಗ 58ನೆಯ ಪುಟದಲ್ಲಿ ಎಂಬ ಸಣ್ಣ ಸಾಲು ಕಾಣಿಸಿತು. ಆ 58ನೆಯ ಪುಟ ಯಾವ ಅಂಗಡಿಯ ಯಾವ ಪೊಟ್ಟಣವಾಯಿತೋ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಕೊನೆಯ ಸಾಲನ್ನು ಓದಿ, ಹಿಂಬದಿಯನ್ನು ಓದಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಗಿದೆಯೇ ಎಂದೂ ನೋಡಿ. ಕತ್ತರಿಸಿದ ಪ್ರತಿ ಹಾಳೆಯ ಮೂಲೆಯಲ್ಲಿ ಪತ್ರಿಕೆಯ ಹೆಸರು, ತಿಂಗಳು, ವರ್ಷ, ಪುಟಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಮೂರನೆಯ ಸುತ್ತು: ಯಾವ ಭಾಷೆಯ ಲೆಕ್ಕ?

ಹೆಚ್ಚು ಹೊತ್ತು ಬೇಡುವ ಸುತ್ತು ಇದು. ಇದನ್ನು ಬಿಟ್ಟರೆ ಉಳಿದೆಲ್ಲ ವಿಂಗಡಣೆಯೂ ಬರೀ ಜೋಡಣೆಯಾಗುತ್ತದೆ. ಇಂಗ್ಲಿಷ್ ಮಾದರಿಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಎಂದು ಎರಡು ಪದ್ಧತಿಗಳಿವೆ, ಮತ್ತು ಕ್ರೋಶಾದಲ್ಲಿ ಒಂದೇ ಹೆಸರು ಎರಡು ಕಡೆ ಬೇರೆ ಬೇರೆ ಹೆಣಿಕೆಯನ್ನು ಸೂಚಿಸುತ್ತದೆ. ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟಿಷರಿಗೆ ಡಬಲ್ ಕ್ರೋಶಾ. ಅಮೆರಿಕದವರ ಡಬಲ್ ಕ್ರೋಶಾ ಬ್ರಿಟಿಷರಿಗೆ ಟ್ರೆಬಲ್. ಅಮೆರಿಕದವರ ಟ್ರೆಬಲ್ ಬ್ರಿಟಿಷರಿಗೆ ಡಬಲ್ ಟ್ರೆಬಲ್. ಹೀಗೆ ಒಂದೊಂದು ಮೆಟ್ಟಿಲು ಏರುತ್ತ ಹೋಗುತ್ತದೆ. ಪದ್ಧತಿ ತಿಳಿಯದೆ ಹೆಣೆದರೆ ತೋರಣ ಅರ್ಧ ಎತ್ತರಕ್ಕೇ ನಿಲ್ಲುತ್ತದೆ, ಇಲ್ಲವೇ ಮೇಜಿನ ಹೊದಿಕೆ ಜೋತುಬೀಳುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮಾದರಿಯಲ್ಲಿ ಸಿಂಗಲ್ ಕ್ರೋಶಾ ಎಂಬ ಮಾತು ಮತ್ತೆ ಮತ್ತೆ ಬಂದರೆ, ಹಾಫ್ ಡಬಲ್ ಎಂದಿದ್ದರೆ, ಕುಣಿಕೆಯ ಲೆಕ್ಕಕ್ಕೆ ಗೇಜ್ ಎಂದು ಬರೆದಿದ್ದರೆ, ಮುಗಿಸುವುದಕ್ಕೆ ಬೈಂಡ್ ಆಫ್ ಎಂದಿದ್ದರೆ ಅದು ಅಮೆರಿಕನ್. ಹಾಫ್ ಟ್ರೆಬಲ್, ಟೆನ್ಶನ್, ಕಾಸ್ಟ್ ಆಫ್ ಎಂದಿದ್ದರೆ ಬ್ರಿಟಿಷ್. ಪುಸ್ತಕ ಅಚ್ಚಾದ ದೇಶವನ್ನು ಮಾತ್ರ ನಂಬಿ ನಿರ್ಧರಿಸಬೇಡಿ; ನಮ್ಮಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಎರಡೂ ಪದ್ಧತಿಯ ಮಾದರಿಗಳು ಒಟ್ಟಿಗೆ ಸೇರಿರುವುದನ್ನು ನೋಡಿದ್ದೇನೆ. ಚಿಹ್ನೆಗಳ ನಕ್ಷೆ ಇದ್ದರೆ ಈ ತಂಟೆಯೇ ಇಲ್ಲ. ಮೊಟ್ಟೆಯಾಕಾರದ ಸೊನ್ನೆಯೆಂದರೆ ಸರಪಳಿ. ನಿಂತ ಗೆರೆಯ ತಲೆಯ ಮೇಲೊಂದು ಅಡ್ಡಗೆರೆ, ನಡುವಿನಲ್ಲಿ ಒಂದು ಓರೆಗೆರೆ ಇದ್ದರೆ ಒಂದು ಸುತ್ತಿನ ಕಂಬ, ಅಂದರೆ ದಾರವನ್ನು ಕೊಕ್ಕೆಗೆ ಒಮ್ಮೆ ಸುತ್ತಿ ಹೆಣೆದದ್ದು. ಎರಡು ಓರೆಗೆರೆ ಇದ್ದರೆ ಎರಡು ಸುತ್ತಿನ ಕಂಬ. ಜಪಾನಿನ ಪುಸ್ತಕಗಳು ಈ ಚಿಹ್ನೆಗಳ ಮೇಲೆಯೇ ನಿಂತಿರುವುದರಿಂದ, ಅವುಗಳ ಒಂದಕ್ಷರವನ್ನೂ ಓದಲು ಬಾರದವರೂ ಹೆಣೆಯಬಹುದು. ಓದಲಾಗದ ಲಿಪಿ ಎಂದು ಅವುಗಳನ್ನು ಬಿಸಾಡುವುದು ದೊಡ್ಡ ನಷ್ಟ.

ಮರಾಠಿಯ ಪುಸ್ತಕಗಳೂ ಸಿಗುತ್ತವೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿದ್ದು, ಪುಣೆ-ಮುಂಬಯಿಗಳ ಜೊತೆ ಓದುಬರಹದ ನಂಟು ಇತ್ತು. ಅವುಗಳಲ್ಲಿ ಹೆಣಿಕೆಗೆ ಸುಲಟ್, ಉಲಟ್ (ನೇರ ಕುಣಿಕೆ, ತಿರುವು ಕುಣಿಕೆ) ಎಂದೂ, ಕ್ರೋಶಾಕ್ಕೆ ಸಾಖಳಿ, ಖಾಂಬ್ ಎಂದೂ ಬರೆದಿರುತ್ತಾರೆ. ನಮ್ಮ ಮನೆಯಲ್ಲಿ ಸರಪಳಿ, ಕಂಬ ಎನ್ನುತ್ತಿದ್ದುದರಿಂದ ಆ ಪುಸ್ತಕಗಳು ನನಗೆ ಪರಕೀಯವೆನಿಸಲಿಲ್ಲ. ಮರಾಠಿಯಲ್ಲಿ ಬರೀ ಖಾಂಬ್ ಎಂದರೆ ಬ್ರಿಟಿಷರ ಟ್ರೆಬಲ್, ಮುಕಾ ಖಾಂಬ್ ಎಂದರೆ ಬ್ರಿಟಿಷರ ಡಬಲ್ ಕ್ರೋಶಾ ಎಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದೆ ಹೆಣೆಯುವವರಿಗೆ ಅಷ್ಟೇ ಸಾಕು.

ಇನ್ನು ಕಡ್ಡಿಯ ನಂಬರು. ನಮ್ಮ ಹಿರಿಯರು ಹತ್ತು ನಂಬರ್, ಹನ್ನೆರಡು ನಂಬರ್ ಎಂದು ಹೇಳುತ್ತಿದ್ದುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. 14 ಎಂದರೆ 2 ಮಿ.ಮೀ., 12 ಎಂದರೆ 2.75, 11 ಎಂದರೆ 3, 10 ಎಂದರೆ 3.25, 9 ಎಂದರೆ 3.75, 8 ಎಂದರೆ 4, 7 ಎಂದರೆ 4.5 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ: ಅಲ್ಲಿಯ 6 ಎಂದರೆ 4 ಮಿ.ಮೀ., 8 ಎಂದರೆ 5, 10 ಎಂದರೆ 6 ಮಿ.ಮೀ. ಹತ್ತು ನಂಬರ್ ಎಂದು ಓದಿ ಒಬ್ಬರು 3.25ರ ಕಡ್ಡಿಯನ್ನೂ ಇನ್ನೊಬ್ಬರು 6ರ ಕಡ್ಡಿಯನ್ನೂ ಹಿಡಿದರೆ ಆಗುವ ವ್ಯತ್ಯಾಸವನ್ನು ಊಹಿಸಿಕೊಳ್ಳಿ. ಪ್ರತಿ ಮಾದರಿಯ ಚೀಟಿಯಲ್ಲೂ ಮಿಲಿಮೀಟರನ್ನೇ ಬರೆಯಿರಿ. ಉಣ್ಣೆಯ ತೂಕ ಔನ್ಸಿನಲ್ಲಿದ್ದರೆ ಒಂದು ಔನ್ಸಿಗೆ 28 ಗ್ರಾಂ ಹಿಡಿದು ಪರಿವರ್ತಿಸಿ, ಸ್ವಲ್ಪ ಹೆಚ್ಚೇ ಕೊಳ್ಳಬೇಕು ಎಂದು ಸೇರಿಸಿ.

ಪ್ಲೈ ಎಂಬ ಅಂಕಿಯನ್ನು ಹೆಚ್ಚು ನಂಬಬೇಡಿ. ಅದು ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎಂಬುದನ್ನು ಹೇಳುತ್ತದೆಯೇ ಹೊರತು, ಉಣ್ಣೆಯ ದಪ್ಪವನ್ನು ಖಚಿತವಾಗಿ ಹೇಳುವುದಿಲ್ಲ. ಇಂಗ್ಲೆಂಡಿನ ಹಳೆಯ ಪುಸ್ತಕದ ನಾಲ್ಕು ಪ್ಲೈ ಸಾಮಾನ್ಯವಾಗಿ 10 ಸೆಂ.ಮೀ.ಗೆ 28 ಕುಣಿಕೆ ಬೀಳುವ ತೆಳು ಉಣ್ಣೆ. ಇಂದು ನಮ್ಮ ಅಂಗಡಿಗಳಲ್ಲಿ ನಾಲ್ಕು ಪ್ಲೈ ಎಂದು ಸಿಗುವುದು ಎಷ್ಟೋ ಸಲ ಅದಕ್ಕಿಂತ ದಪ್ಪ. 112 ಕುಣಿಕೆಯ ಹಿಂಬದಿ 28ರ ಲೆಕ್ಕದಲ್ಲಿ 40 ಸೆಂ.ಮೀ. ಅಗಲ ಬರುತ್ತದೆ, 10 ಸೆಂ.ಮೀ.ಗೆ 22 ಕುಣಿಕೆಯಷ್ಟೇ ಬೀಳುವ ದಪ್ಪ ಉಣ್ಣೆಯಲ್ಲಿ ಹೆಚ್ಚುಕಡಿಮೆ 51 ಸೆಂ.ಮೀ. ಆಗುತ್ತದೆ. ಆದ್ದರಿಂದ ಕುಣಿಕೆಯ ಲೆಕ್ಕವನ್ನು ಚೀಟಿಯ ತಲೆಯಲ್ಲೇ ಬರೆಯಿರಿ, ಪ್ಲೈಯನ್ನು ಕೆಳಗೆ ಬರೆಯಿರಿ. ಆ ಲೆಕ್ಕವೇ ಇಲ್ಲದ ಮಾದರಿ, ಚಿತ್ರ ಎಷ್ಟೇ ಚೆನ್ನಾಗಿದ್ದರೂ, ನನ್ನ ಮಟ್ಟಿಗೆ ಎರಡನೆಯ ದರ್ಜೆಯದು.

ವರ್ಷವನ್ನು ಊಹಿಸುವುದು

ಪತ್ರಕಗಳ ಮೇಲೆ ಬಹುತೇಕ ವರ್ಷ ಇರುವುದಿಲ್ಲ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವುದಕ್ಕೆ ಮೊದಲಿನದು ಅಥವಾ ಅದರ ಆಸುಪಾಸಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಹುಬ್ಬಳ್ಳಿ, ಧಾರವಾಡಗಳನ್ನು ಮೈಸೂರು ರಾಜ್ಯದಲ್ಲಿ ತೋರಿಸಿದ್ದರೆ 1956 ಮತ್ತು 1973ರ ನಡುವಿನದು. ಗದಗ ಅಥವಾ ಹಾವೇರಿಯ ಅಂಗಡಿಯ ಮುದ್ರೆಯಲ್ಲಿ ಧಾರವಾಡ ಜಿಲ್ಲೆ ಎಂದಿದ್ದರೆ ಅದು 1997ಕ್ಕಿಂತ ಹಿಂದಿನದು ಎನ್ನಬಹುದು, ಏಕೆಂದರೆ ಆ ವರ್ಷವೇ ಅವೆರಡೂ ಬೇರೆ ಜಿಲ್ಲೆಗಳಾದವು. ವರ್ಷ ತಿಳಿದರೆ ಉಪಯೋಗವೂ ಇದೆ: ಹಳೆಯದಾದಷ್ಟೂ ಕಡ್ಡಿಯ ನಂಬರು ಬ್ರಿಟಿಷ್ ಪದ್ಧತಿಯದು, ತೂಕ ಔನ್ಸಿನದು ಎಂದು ಮೊದಲೇ ಎಚ್ಚರ ವಹಿಸಬಹುದು.

ಏನನ್ನು ಉಳಿಸಬೇಕು

ಇಲ್ಲಿ ಪ್ರತಿಯೊಬ್ಬರ ತೀರ್ಮಾನ ಬೇರೆಯಾಗಬಹುದು, ನನ್ನದನ್ನು ಹೇಳುತ್ತೇನೆ. ಹುಬ್ಬಳ್ಳಿಯ ಹವೆಗೆ ದಪ್ಪ ಜಡೆ ಹೆಣಿಕೆಯ ಉಣ್ಣೆ ಕೋಟು ವರ್ಷದಲ್ಲಿ ನಾಲ್ಕು ದಿನವೂ ಬೇಕಾಗುವುದಿಲ್ಲ. ಹಸುಗೂಸಿನ ಕುಲಾವಿ, ಕಾಲುಚೀಲ, ತೊಟ್ಟಿಲ ಶಾಲು, ತೋಳಿಲ್ಲದ ಸ್ವೆಟರು, ಕ್ರೋಶಾದ ತೋರಣ, ರವಿಕೆಯ ಅಂಚು, ಹೊದಿಕೆಗಳು ಇಂದಿಗೂ ನಡೆಯುತ್ತವೆ. ಆದ್ದರಿಂದ ಅವುಗಳ ಮಾದರಿಗಳನ್ನು ಪೂರ್ತಿ ಉಳಿಸಿದೆ. ದೊಡ್ಡವರ ಸ್ವೆಟರುಗಳಲ್ಲಿ ಹೆಣಿಕೆಯ ವಿನ್ಯಾಸ ಚೆನ್ನಾಗಿದ್ದವನ್ನು ಮಾತ್ರ ಇಟ್ಟುಕೊಂಡೆ, ಏಕೆಂದರೆ ಆ ವಿನ್ಯಾಸವನ್ನು ಶಾಲಿಗೂ ಹಾಕಬಹುದು. ಕುಣಿಕೆ ಹಾಕುವುದು, ತಪ್ಪಿದ ಕುಣಿಕೆಯನ್ನು ಎತ್ತುವುದು, ಹೊಲಿಗೆ ಕಾಣದಂತೆ ಜೋಡಿಸುವುದು ಇವನ್ನು ಚಿತ್ರಸಹಿತ ಕಲಿಸುವ ಪುಸ್ತಕ ಎಷ್ಟೇ ಹಳೆಯದಾಗಿದ್ದರೂ ಬಿಡಬೇಡಿ. ಬಟ್ಟೆಯ ಶೋಕಿ ಬದಲಾಗುತ್ತದೆ, ಕುಣಿಕೆ ಬದಲಾಗುವುದಿಲ್ಲ. ಒಂದೇ ಪುಸ್ತಕದ ಎರಡು ಪ್ರತಿಗಳಿದ್ದರೆ ಗಟ್ಟಿಯಾಗಿರುವುದನ್ನಲ್ಲ, ಪೆನ್ಸಿಲಿನ ಗುರುತುಗಳಿರುವುದನ್ನು ಇಟ್ಟುಕೊಳ್ಳಿ.

ಆ ಗುರುತುಗಳ ಬೆಲೆ ನನಗೆ ಗೊತ್ತಾದದ್ದು ಒಂದು ಪತ್ರಕದಿಂದ. ಮಕ್ಕಳ ಸ್ವೆಟರಿನ ನಾಲ್ಕು ಪುಟದ ಪತ್ರಕ ಅದು, ಮಡಿಕೆಯಲ್ಲಿ ಹರಿದು ಎರಡಾಗಿತ್ತು, ಚಿತ್ರದಲ್ಲಿದ್ದ ಹುಡುಗನ ಮುಖದ ಮೇಲೆ ಚಹಾ ಕಪ್ಪಿನ ಉಂಗುರ ಬಿದ್ದಿತ್ತು. ಅಚ್ಚಿನಲ್ಲಿ 66 ಕುಣಿಕೆ ಹಾಕಿ ಎಂದಿದ್ದ ಕಡೆ ಚಿಗವ್ವ ಆ ಅಂಕಿಯ ಮೇಲೆ ಒಂದು ಗೆರೆ ಎಳೆದು, ಬದಿಗೆ, "74 ಹಾಕಬೇಕು, ಎದಿ ಬಿಗಿ ಆಗತೈತಿ" ಎಂದು ಬರೆದಿದ್ದಳು. ಕೆಳಗೆ ತೋಳಿನ ಹತ್ತಿರ ಸಣ್ಣ ಕಡ್ಡಿಗೆರೆಗಳ ಸಾಲು, ಐದೈದರ ಗುಂಪಾಗಿ. ಸಾಲುಗಳನ್ನು ಎಣಿಸಿದ ಲೆಕ್ಕ. ಮೂರನೆಯ ಗುಂಪಿನಲ್ಲಿ ಒಂದು ಗೆರೆ ಅಳಿಸಿ ಮತ್ತೆ ಎಳೆದದ್ದು ಕಾಣುತ್ತಿತ್ತು, ಅಲ್ಲಿ ಬಿಚ್ಚಿ ಮತ್ತೆ ಹೆಣೆದಿರಬೇಕು. ಎರಡು ನೇರ, ಎರಡು ತಿರುವು ಎಂದು ಹೆಣೆಯುವ ಎರಡೆರಡರ ಪಟ್ಟಿಗೆ 66 ಹೇಗೆ ಹೊಂದುತ್ತದೆಯೋ 74 ಸಹ ಹಾಗೆಯೇ ಹೊಂದುತ್ತದೆ. ಅದಕ್ಕೆ ನಾಲ್ಕರ ಮಗ್ಗಿಯ ಸಂಖ್ಯೆಗೆ ಎರಡು ಕೂಡಿಸಿದ ಸಂಖ್ಯೆಯೇ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ಅವಳು ಎಂಟನ್ನು ಸೇರಿಸಿದ್ದಳು. ಹಿಂದಿನ ವಾರವಷ್ಟೇ ನಾನು ಆ ಪತ್ರಕವನ್ನು ರದ್ದಿಯ ರಾಶಿಗೆ ಹಾಕಿದ್ದೆ. ಅಂದಿನಿಂದ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡದೆ ಯಾವುದನ್ನೂ ಕೆಳಗೆ ಇಟ್ಟಿಲ್ಲ, ಮಾಸಿದ ಪೆನ್ಸಿಲು ಓರೆ ಬೆಳಕಿನಲ್ಲೇ ಕಾಣಿಸುತ್ತದೆ. ಇಂಥ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಬೆಳಿಗ್ಗೆಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ. ಅಂಚಿನ ಬರಹವನ್ನು ರಬ್ಬರಿನಿಂದ ಅಳಿಸಿ ಪುಸ್ತಕವನ್ನು ಚೊಕ್ಕಟ ಮಾಡುವುದು ಮಾತ್ರ ಬೇಡ.

ತುಕ್ಕು ಹಿಡಿದ ಪಿನ್ನು ತೆಗೆದು ಹೊಲಿಯುವುದು

ಉಳಿಸಿಕೊಂಡ ಪತ್ರಿಕೆಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಸ್ಟೇಪಲ್ ಪಿನ್ನು ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿದಿರುತ್ತದೆ, ಸುತ್ತಲಿನ ಕಾಗದ ಕಂದಿ ಪುಡಿಯಾಗುತ್ತಿರುತ್ತದೆ. ಪತ್ರಿಕೆಯನ್ನು ನಡುವಿನ ಪುಟಕ್ಕೆ ಬಿಡಿಸಿ ಇಟ್ಟು, ಮೊಂಡ ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲುಗಳನ್ನು ನೇರಕ್ಕೆ ಎತ್ತಿ, ತಿರುಗಿಸಿ ಬೆನ್ನಿನ ಕಡೆಯಿಂದ ಮೆಲ್ಲಗೆ ಎಳೆಯಿರಿ. ಜಗ್ಗಬೇಡಿ, ಜಗ್ಗಿದರೆ ಕಾಗದ ಸೀಳುತ್ತದೆ. ತುಕ್ಕಿನ ಪುಡಿಯನ್ನು ಕುಂಚದಿಂದ ಝಾಡಿಸಿ, ಹಾಳೆಗಳನ್ನು ಸರಿಗೂಡಿಸಿ, ಮೇಲೆ ಒಂದು, ಕೆಳಗೆ ಒಂದು ಹಳೆಯ ತೂತನ್ನೇ ಬಳಸಿ, ಸರಿಯಾಗಿ ನಡುವೆ ಸೂಜಿಯಿಂದ ಹೊಸದೊಂದು ತೂತು ಮಾಡಿ. ಹತ್ತಿಯ ದಾರವನ್ನು ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನ ತೂತಿನಲ್ಲಿ ಹೊರಗಿನಿಂದ ಒಳಗೆ, ಅಲ್ಲಿಂದ ನಡುವನ್ನು ದಾಟಿ ಕೆಳಗಿನ ತೂತಿನಲ್ಲಿ ಹೊರಗೆ, ಮತ್ತೆ ನಡುವಿನ ತೂತಿನಲ್ಲಿ ಒಳಗೆ ತನ್ನಿ. ಒಳಗೆ ಉದ್ದಕ್ಕೆ ಹಾಯ್ದಿರುವ ದಾರದ ಆಚೆಗೊಂದು ಈಚೆಗೊಂದು ತುದಿ ಬರುವಂತೆ ಹಿಡಿದು ಗಂಟು ಹಾಕಿ. ಕ್ರೋಶಾದ ಉಳಿದ ಸಣ್ಣ ದಾರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹರಿದ ಕಡೆಗೆ ಸೆಲ್ಲೋ ಟೇಪು ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ, ಅಕ್ಷರದ ಮೇಲೆ ಜಿಡ್ಡು ಬಿಟ್ಟು ಉದುರುತ್ತದೆ. ಸಣ್ಣ ಹರುಕನ್ನು ಹಾಗೆಯೇ ಬಿಟ್ಟು, ಹಾಳೆಯನ್ನು ಪಾರದರ್ಶಕ ಫೈಲ್ ಕವರಿನಲ್ಲಿ ಇಟ್ಟರೆ ಸಾಕು.

ಪಟ್ಟಿ ಬರೆಯುವುದು ಮತ್ತು ಇಡುವುದು

ಪುಸ್ತಕದ ಹೆಸರಿನ ಪಟ್ಟಿಯಿಂದ ಪ್ರಯೋಜನ ಕಡಿಮೆ. ಮೊಮ್ಮಗು ಹುಟ್ಟಿದಾಗ ನಮಗೆ ಬೇಕಾಗುವುದು ಆರು ತಿಂಗಳ ಮಗುವಿನ ಕೋಟು ಎಲ್ಲಿದೆ ಎಂಬುದು. ಆದ್ದರಿಂದ ದೀರ್ಘ ನೋಟುಬುಕ್ಕಿನಲ್ಲಿ ವಸ್ತುವಿನ ಹೆಸರಿನಿಂದ ಬರೆಯಿರಿ: ಮಗುವಿನ ಕೋಟು, ಎದೆ 18 ಇಂಚು, 3.25 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 28 ಕುಣಿಕೆ, ಬ್ರಿಟಿಷ್ ಪದ್ಧತಿ, ಪೂರ್ತಿ ಇದೆ, ಎರಡನೆಯ ಪೆಟ್ಟಿಗೆ, 41ನೆಯ ಪ್ರತಿ. ಅದೇ 41ನ್ನು ಪುಸ್ತಕದ ಒಳಮೂಲೆಯಲ್ಲೂ ಪೆನ್ಸಿಲಿನಿಂದ ಬರೆಯಿರಿ.

ತಗಡಿನ ಟ್ರಂಕು ಮಳೆಗಾಲದಲ್ಲಿ ಒಳಗೆ ಬೆವರುತ್ತದೆ, ಮತ್ತೆ ಅದಕ್ಕೇ ತುಂಬುವುದಾದರೆ ಒಳಗೆ ಒಗೆದ ಬಿಳಿ ಮಾಂಜರಪಾಟ ಬಟ್ಟೆಯನ್ನು ಹಾಸಿ, ಗೋಡೆಯಿಂದ ಒಂದು ಗೇಣು ದೂರ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ. ಪುಸ್ತಕಗಳನ್ನು ಕಪಾಟಿನಲ್ಲಿ, ಒಳಗೋಡೆಗೆ ತಾಗದಂತೆ ನಿಲ್ಲಿಸುವುದು ಇನ್ನೂ ಉತ್ತಮ. ಬಣ್ಣದ ಬಟ್ಟೆ ತೇವಕ್ಕೆ ಬಣ್ಣ ಬಿಡುವುದರಿಂದ ಅದನ್ನು ಸುತ್ತಬೇಡಿ. ಪೂರ್ತಿ ಒಣಗಿದ ಬೇವಿನೆಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿ ಇಡುವ ರೂಢಿ ನಮ್ಮಲ್ಲಿದೆ, ಪುಟಗಳ ನಡುವೆ ನೇರವಾಗಿ ಹಾಕಿದರೆ ಮಾತ್ರ ಕಲೆ ಬೀಳುತ್ತದೆ. ನುಸಿಗುಳಿಗೆಯ ವಾಸನೆ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಸುಣ್ಣ-ಬಣ್ಣದ ಗದ್ದಲ ಮುಗಿದ ಮೇಲೆ, ಎಲ್ಲವನ್ನೂ ಹೊರಗೆ ತೆಗೆದು ಪುಟ ತಿರುವಿ ಇಡಿ.

ಬೇಡವಾದವುಗಳನ್ನು ಕೊಡುವುದು

ಬೇಡವಾದ ಪೂರ್ಣ ಪುಸ್ತಕಗಳನ್ನು ಮೊದಲು ಹೆಣೆಯುವವರಿಗೇ ಕೇಳಿ; ಓಣಿಯಲ್ಲಿ, ಮಹಿಳಾ ಮಂಡಳದಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಇಂಥವರು ಇದ್ದೇ ಇರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪು ವಿನ್ಯಾಸವನ್ನು ಕಲಿಸುತ್ತಾರೆ. ಹಳೆಯ ವಿನ್ಯಾಸದ ಪುಸ್ತಕಗಳು ಬೇಕೇ ಎಂದು ಪಟ್ಟಿಯ ಜೊತೆ ಪತ್ರ ಬರೆದು ಕೇಳಿ, ಕೇಳದೆ ಹೊತ್ತುಕೊಂಡು ಹೋಗಬೇಡಿ. ಟ್ರಂಕಿನಲ್ಲಿ ಕನ್ನಡದ ಹಳೆಯ ನಿಯತಕಾಲಿಕಗಳ ಇಡಿಯಾದ ಸಂಚಿಕೆಗಳು ಸಿಕ್ಕರೆ, ಉದಾಹರಣೆಗೆ 1921ರಲ್ಲಿ ಧಾರವಾಡದಲ್ಲಿ ಆರಂಭವಾದ ಕರ್ಮವೀರ ಅಥವಾ 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕಸ್ತೂರಿಯ ಮೊದಲ ವರ್ಷಗಳವು, ಅವುಗಳಿಗೆ ಕತ್ತರಿ ತಾಗಿಸದೆ ಗ್ರಂಥಾಲಯವನ್ನು ವಿಚಾರಿಸಿ. ಪುಸ್ತಕವನ್ನು ಕೊಡಬಹುದು, ಮಾರಬಹುದು. ಆದರೆ ಅದರ ಪುಟಗಳ ಫೋಟೋ ತೆಗೆದು ಮೊಬೈಲ್ ಗುಂಪುಗಳಲ್ಲಿ ಹಂಚುವುದು ಬೇರೆ ಮಾತು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಬರೆದವರ ಜೀವಿತಕಾಲವಲ್ಲದೆ ಮುಂದೆ 60 ವರ್ಷ ಇರುತ್ತದೆ.

ಯಾವುದಕ್ಕೂ ಆಗದೆ ಉಳಿದದ್ದು ರದ್ದಿಯವರಿಗೆ. ಕಟ್ಟು ಕಟ್ಟುವ ಮೊದಲು ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ತಲೆಕೆಳಗಾಗಿ ಚಾದರದ ಮೇಲೆ ಝಾಡಿಸಿ. ನಮ್ಮ ಟ್ರಂಕಿನ ರದ್ದಿಯಿಂದ ಹೀಗೆ ಉದುರಿದ್ದು ಎರಡು ಗುಂಡಿ, ಪುಟದ ಗುರುತಿಗೆ ಇಟ್ಟಿದ್ದ ಬಸ್ ಟಿಕೀಟು, ಮತ್ತು ಏಳು ಸೂಜಿಗಳು. ಸೂಜಿ ಹಾಗೆಯೇ ಉಳಿದರೆ ತಕ್ಕಡಿಗೆ ಎತ್ತಿ ಹಾಕುವವರ ಅಂಗೈಗೆ ಚುಚ್ಚುತ್ತದೆ.